ಸತ್ತ ಜೀವಕೋಶದಲ್ಲೂ “ಶಕ್ತಿ ಬೇಡದ ಸಾಗಣೆ” ನಡೆಯಬೇಕಲ್ವಾ?

ಹೊಸಚಿಗುರು:
ಎಲ್ಲರಿಗೂ ನಮಸ್ಕಾರ. ಕೋಶಪೊರೆಯ ಪಾಠ ಓದುತ್ತಿದ್ದೇನೆ. ಒಂದೇ ಕಡೆ ಸಿಕ್ಕಿಹಾಕಿಕೊಂಡು ಎರಡು ದಿನ ಆಯಿತು.

ಪಾಠದಲ್ಲಿ ಎರಡು ಪಟ್ಟಿ ಇದೆ. ನಿಷ್ಕ್ರಿಯ ಸಾಗಣೆಗೆ ಶಕ್ತಿ ಬೇಡ. ಸಕ್ರಿಯ ಸಾಗಣೆಗೆ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಅಣು, ಬೇಕು. ವಿಸರಣೆ (ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅಣುಗಳು ಹರಡುವುದು), ಅಭಿಸರಣೆ (ಪೊರೆಯ ಮೂಲಕ ನೀರು ಸಾಗುವುದು) ಎರಡೂ ಮೊದಲ ಪಟ್ಟಿಯಲ್ಲಿವೆ. ಪಂಪ್‌ಗಳು ಎರಡನೆಯದರಲ್ಲಿ. ಬಾಯಿಪಾಠ ಮಾಡಿ ಬರೆದರೆ ಅಂಕ ಬರುತ್ತೆ, ಅದು ಗೊತ್ತು.

ಆದರೆ ಶಕ್ತಿಯೇ ಬೇಡ ಅಂದಮೇಲೆ ಜೀವವೂ ಬೇಡ ತಾನೇ? ಹಾಗಾದರೆ ಸತ್ತ ಕೋಶದಲ್ಲೂ ನಿಷ್ಕ್ರಿಯ ಸಾಗಣೆ ನಡೆಯುತ್ತಲೇ ಇರಬೇಕು. ತರಗತಿಯಲ್ಲಿ ಇದನ್ನೇ ಕೇಳಿದೆ. “ಪರೀಕ್ಷೆಗೆ ಬರಲ್ಲ, ಬಿಡು” ಅಂದರು. ಬಿಡೋಕೆ ಆಗ್ತಾ ಇಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಗಾಜುಪಟ್ಟಿ:
ಇದು ಬಿಡಬೇಕಾದ ಪ್ರಶ್ನೆ ಅಲ್ಲವೇ ಅಲ್ಲ. ನಾನು ಪ್ರಯೋಗಾಲಯದಲ್ಲಿ ಕಲಿಸುವವಳು. ಆ ಎರಡು ಪಟ್ಟಿಗಳಿಂದ ಮಕ್ಕಳಿಗೆ ಆಗುವ ಗೊಂದಲವನ್ನು ಪ್ರತಿ ವರ್ಷ ನೋಡುತ್ತೇನೆ.

ಮೇಲಿನ ತೊಟ್ಟಿಗೆ ನೀರು ಏರಿಸೋದು ಮೋಟಾರ್. ನಲ್ಲಿ ತಿರುಗಿಸಿದರೆ ನೀರು ತಾನಾಗಿ ಬೀಳುತ್ತೆ. ನಲ್ಲಿಗೆ ಕರೆಂಟ್ ಬೇಡ. ಕರೆಂಟ್ ಹೋದಮೇಲೂ ಸ್ವಲ್ಪ ಹೊತ್ತು ನೀರು ಬರುತ್ತೆ, ತೊಟ್ಟಿ ಖಾಲಿಯಾಗುವ ತನಕ. ನಿಮ್ಮ ಪ್ರಶ್ನೆಗೆ ಉತ್ತರ ಅದೇ. ಎಟಿಪಿ ನಿಂತ ಕೋಶದಲ್ಲೂ ನಿಷ್ಕ್ರಿಯ ಸಾಗಣೆ ನಡೆಯುತ್ತೆ. ಒಳಗೂ ಹೊರಗೂ ಸಮ ಆಗುವ ತನಕ. ಆಮೇಲೆ ಅಣುಗಳು ಆ ಕಡೆ ಈ ಕಡೆ ಓಡಾಡುತ್ತವೆ, ಆದರೆ ಒಟ್ಟು ಲೆಕ್ಕದಲ್ಲಿ ಏನೂ ಸಾಗುವುದಿಲ್ಲ.

ಬದುಕಿರುವ ಕೋಶ ಈ ಸಮ ಆಗುವುದನ್ನು ತಡೆದು ನಿಲ್ಲಿಸುತ್ತೆ. ನಮ್ಮ ದೇಹದ ಕೋಶಗಳ ಹೊರಗಿನ ದ್ರವದಲ್ಲಿ ಸೋಡಿಯಂ ಲೀಟರಿಗೆ ಸುಮಾರು 145 ಮಿಲಿಮೋಲ್. ಒಳಗೆ 10ರಿಂದ 15 ಮಾತ್ರ. ಪೊಟ್ಯಾಸಿಯಂ ಇದಕ್ಕೆ ತಿರುಗುಮುರುಗು. ಹೊರಗೆ 4ರ ಆಸುಪಾಸು, ಒಳಗೆ ಸುಮಾರು 140. ಈ ಏರುಪೇರು ತಾನಾಗಿ ಬಂದದ್ದಲ್ಲ. ಸೋಡಿಯಂ-ಪೊಟ್ಯಾಸಿಯಂ ಪಂಪ್ ಒಂದು ಎಟಿಪಿ ಖರ್ಚು ಮಾಡಿ 3 ಸೋಡಿಯಂ ಹೊರಗೆ ಹಾಕುತ್ತೆ, 2 ಪೊಟ್ಯಾಸಿಯಂ ಒಳಗೆ ತರುತ್ತೆ. ಹಗಲೂ ರಾತ್ರಿ ಅದೇ ಕೆಲಸ.

ಇನ್ನು “ಸತ್ತ ಕೋಶ” ಅಂದಿರಲ್ಲ, ಅದರಲ್ಲಿ ಎರಡು ಬಗೆ ಇದೆ. ಪೊರೆ ಗಟ್ಟಿಯಾಗಿದ್ದು ಪಂಪ್ ನಿಂತಿರುವುದು ಒಂದು. ಪೊರೆಯೇ ಹರಿದಿರುವುದು ಇನ್ನೊಂದು. ಎರಡನೆಯದನ್ನು ನಿಮ್ಮ ಕಣ್ಣಾರೆ ನೋಡಬಹುದು. ಸಂಜೆ ಬಿಡುವಾದಾಗ ಅದನ್ನು ಬರೆಯುತ್ತೇನೆ.

ಅಲೆಮಾರಿ ಅಣು:
ಇಷ್ಟು ಸುತ್ತಬೇಕಾಗಿಲ್ಲ ಅನ್ಸುತ್ತೆ. ಪೊರೆ ಅಂದ್ರೆ ಜರಡಿ ಇದ್ದ ಹಾಗೆ. ಚಿಕ್ಕ ಅಣು ಹೋಗುತ್ತೆ, ದೊಡ್ಡದು ಹೋಗಲ್ಲ. ದೊಡ್ಡದನ್ನು ತಳ್ಳೋಕೆ ಶಕ್ತಿ ಬೇಕು. ಅಷ್ಟೇ ಅಲ್ವಾ?

ಎರಡು ಪದರ:
ಅಲೆಮಾರಿ ಅಣು ಅವರೇ, ಜರಡಿಯ ಮಾತು ಎಲ್ಲ ಕಡೆ ಕೇಳಿಬರುತ್ತೆ, ಆದರೆ ಅದು ದಾರಿ ತಪ್ಪಿಸುತ್ತೆ. ಸೋಡಿಯಂ ಅಯಾನು, ಅಂದರೆ ವಿದ್ಯುದಾವೇಶ ಇರುವ ಸೋಡಿಯಂ ಕಣ, ಗ್ಲೂಕೋಸ್‌ಗಿಂತ ಎಷ್ಟೋ ಚಿಕ್ಕದು. ಆದರೂ ಬರೀ ಕೊಬ್ಬಿನ (ಲಿಪಿಡ್) ಪೊರೆಯನ್ನು ದಾಟೋಕೆ ಅದಕ್ಕೆ ಹೆಚ್ಚುಕಡಿಮೆ ಆಗುವುದೇ ಇಲ್ಲ. ಸ್ಟೀರಾಯ್ಡ್ ಹಾರ್ಮೋನ್ ಗ್ಲೂಕೋಸ್‌ಗಿಂತ ದೊಡ್ಡದು. ಅದು ಸಲೀಸಾಗಿ ದಾಟುತ್ತೆ.

ಪೊರೆ ಅನ್ನೋದು ಕೊಬ್ಬಿನ ಎರಡು ಪದರ. ನೀರಿಗೆ ಒಗ್ಗುವ ತಲೆಗಳು ಹೊರಕ್ಕೆ, ನೀರಿಗೆ ಒಗ್ಗದ ಬಾಲಗಳು ಒಳಕ್ಕೆ. ನಡುವಿನ ಎಣ್ಣೆಯಂಥ ಭಾಗ ಸುಮಾರು 3 ನ್ಯಾನೋಮೀಟರ್ ಅಷ್ಟೇ. ಆದರೆ ವಿದ್ಯುದಾವೇಶ ಇರುವ ಅಯಾನಿಗೆ ಅದೇ ದೊಡ್ಡ ಗೋಡೆ. ಅಯಾನಿನ ಸುತ್ತ ನೀರಿನ ಅಣುಗಳು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಆ ನೀರನ್ನು ಬಿಟ್ಟು ಎಣ್ಣೆಯೊಳಗೆ ಹೋಗೋದು ಅದಕ್ಕೆ ತುಂಬಾ ದುಬಾರಿ. ಹಾಗಾಗಿ ಮೊದಲು ಕೇಳಬೇಕಾದ್ದು “ಇದು ಎಣ್ಣೆಗೆ ಒಗ್ಗುತ್ತಾ?” ಅಂತ. ಗಾತ್ರದ ಮಾತು ಆಮೇಲೆ. ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್ ಎರಡೂ ಒಗ್ಗುತ್ತವೆ. ಅವಕ್ಕೆ ಬಾಗಿಲು ಬೇಡ.

ಎರಡು ಪದರ ಅಂತ ಮೊದಲು ಕಂಡುಕೊಂಡ ಬಗೆ ನನಗೆ ಬಹಳ ಇಷ್ಟ. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನೆಲ್ಲ ಬೇರ್ಪಡಿಸಿ ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಹಬ್ಬಿದ ಜಾಗ ಕಣಗಳ ಮೈಯ ವಿಸ್ತೀರ್ಣದ ಸುಮಾರು ಎರಡು ಪಟ್ಟು ಇತ್ತು. ಅಂದರೆ ಕಣದ ಮೇಲೆ ಅದು ಎರಡು ಪದರ ಇದ್ದಿರಬೇಕು. ಅವರ ಅಳತೆಗಳಲ್ಲಿ ತಪ್ಪುಗಳಿದ್ದವು, ಅವು ಒಂದನ್ನೊಂದು ಸರಿದೂಗಿಸಿಕೊಂಡವು ಅಂತ ಆಮೇಲೆ ತಿಳಿಯಿತು. ತೀರ್ಮಾನ ಮಾತ್ರ ಸರಿಯಾಗಿಯೇ ನಿಂತಿತು.

ಅಲೆಮಾರಿ ಅಣು:
ಸೋಡಿಯಂ ಉದಾಹರಣೆ ಹೊಳೆದಿರಲಿಲ್ಲ. ಜರಡಿ ಮಾತು ವಾಪಸ್ ತಗೋತೀನಿ. ಧನ್ಯವಾದ.

ಗಾಜುಪಟ್ಟಿ:
ಹೇಳಿದ ಪ್ರಯೋಗ ಇದು. ಕೆಂಪು ಈರುಳ್ಳಿಯ ಒಂದು ಎಸಳು ತೆಗೆದುಕೊಳ್ಳಿ. ಅದರ ಉಬ್ಬಿದ ಮೈಮೇಲಿನ ನೇರಳೆ ಸಿಪ್ಪೆಯನ್ನು ಚಿಮಟಿಗೆಯಿಂದ ತೆಳ್ಳಗೆ ಎಳೆಯಿರಿ. ಒಂದೇ ಪದರ ಬರಬೇಕು. ಗಾಜಿನ ಪಟ್ಟಿ ಮೇಲೆ ಒಂದು ಹನಿ ನೀರು, ಅದರಲ್ಲಿ ಸಿಪ್ಪೆ, ಮೇಲೆ ಕವರ್‌ಸ್ಲಿಪ್. ಸೂಕ್ಷ್ಮದರ್ಶಕದಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು ಕಾಣುತ್ತವೆ. ಪ್ರತಿ ಇಟ್ಟಿಗೆಯ ತುಂಬಾ ನೇರಳೆ ಬಣ್ಣ.

ಈಗ 100 ಮಿಲಿಲೀಟರ್ ನೀರಿಗೆ 5 ಗ್ರಾಂ ಉಪ್ಪು ಕರಗಿಸಿ. ಕವರ್‌ಸ್ಲಿಪ್‌ನ ಒಂದು ಅಂಚಿಗೆ ಆ ನೀರಿನ ಒಂದು ಹನಿ ಬಿಡಿ. ಎದುರು ಅಂಚಿಗೆ ಸೋಸುಕಾಗದದ ಚೂರು ತಾಗಿಸಿ. ಉಪ್ಪುನೀರು ಒಳಗೆ ಎಳೆದುಕೊಳ್ಳುತ್ತೆ. ಕಣ್ಣು ತೆಗೆಯಬೇಡಿ. ಕೆಲವೇ ನಿಮಿಷದಲ್ಲಿ ಬಣ್ಣ ಗೋಡೆಯಿಂದ ಬಿಡೋಕೆ ಶುರು ಆಗುತ್ತೆ, ಎಷ್ಟೋ ಸಲ ಮೂಲೆಗಳಲ್ಲೇ ಮೊದಲು. ಆಮೇಲೆ ಮುದುಡಿಕೊಂಡು ಗಾಢ ನೇರಳೆಯ ಒಂದು ಉಂಡೆ ಆಗುತ್ತೆ. ಗೋಡೆ ಮಾತ್ರ ಇದ್ದಲ್ಲೇ ನಿಂತಿರುತ್ತೆ. ನೀರು ಹೊರಗೆ ಹೋಯಿತು, ಬಣ್ಣ ಹೋಗಲಿಲ್ಲ. ಪೊರೆ ಆರಿಸಿ ಬಿಡುತ್ತೆ ಅನ್ನೋದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಯೋಗ ಇನ್ನೊಂದು ನಾನು ಕಂಡಿಲ್ಲ. ಅದೇ ಅಂಚಿಂದ ಬರೀ ನೀರು ಬಿಟ್ಟರೆ ಬಣ್ಣ ಮತ್ತೆ ಹರಡಿ ಇಟ್ಟಿಗೆ ತುಂಬುತ್ತೆ.

ಇನ್ನೊಂದು ಸಿಪ್ಪೆಯನ್ನು ಕುದಿಯುವ ನೀರಲ್ಲಿ ಒಂದೆರಡು ನಿಮಿಷ ಇಟ್ಟು ಇದನ್ನೇ ಮಾಡಿ. ಏನಾಗುತ್ತೆ ಅಂತ ಹೇಳುವುದಿಲ್ಲ. ನೋಡಿ ನೀವೇ ಬರೆಯಿರಿ.

ನಾಲ್ಕು ಡಿಗ್ರಿ:
ಪೊರೆ ಗಟ್ಟಿ ಇದ್ದು ಪಂಪ್ ನಿಂತಿರುವ ಕೋಶ ನೋಡಬೇಕಾ? ನಾನು ದಿನಾ ನೋಡುತ್ತೇನೆ. ರಕ್ತನಿಧಿಯಲ್ಲಿ ತಂತ್ರಜ್ಞ ನಾನು.

ಕೆಂಪು ಕಣಗಳ ಚೀಲವನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತೇವೆ. ಸೇರಿಸಿರುವ ದ್ರಾವಣ ಯಾವುದು ಅನ್ನೋದರ ಮೇಲೆ 35 ಅಥವಾ 42 ದಿನ ಇಡಬಹುದು. ಆ ಚಳಿಯಲ್ಲಿ ಪಂಪ್ ಹೆಚ್ಚುಕಡಿಮೆ ನಿಂತೇ ಹೋಗುತ್ತೆ. ಸೋರಿಕೆ ಮಾತ್ರ ನಿಲ್ಲೋದಿಲ್ಲ. ಪೊಟ್ಯಾಸಿಯಂ ಕಣದಿಂದ ಹೊರಗೆ, ಸೋಡಿಯಂ ಒಳಗೆ, ನಿಧಾನವಾಗಿ, ದಿನದಿಂದ ದಿನಕ್ಕೆ. ಹಳೆಯ ಚೀಲದಲ್ಲಿ ಕಣಗಳ ಸುತ್ತ ಇರುವ ದ್ರವದ ಪೊಟ್ಯಾಸಿಯಂ ಅಳೆದರೆ ಹೊಸ ಚೀಲಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತೆ. ಅದಕ್ಕೇ ಎಳೆಗೂಸುಗಳಿಗೆ ಬೇಗ ಬೇಗ ಜಾಸ್ತಿ ರಕ್ತ ಕೊಡಬೇಕಾದಾಗ ಹೊಸ ಚೀಲವನ್ನೇ ಹುಡುಕುತ್ತೇವೆ. ರಕ್ತದಲ್ಲಿ ಪೊಟ್ಯಾಸಿಯಂ ದಿಢೀರ್ ಏರಿದರೆ ಹೃದಯದ ಬಡಿತವೇ ತಪ್ಪುತ್ತೆ.

ಅದೇ ಕಣಗಳು ದೇಹದ ಬಿಸಿಗೆ ಬಂದು ಗ್ಲೂಕೋಸ್ ಸಿಕ್ಕಮೇಲೆ ಪಂಪ್ ಮತ್ತೆ ಶುರು ಮಾಡುತ್ತವೆ. ಕಳೆದುಕೊಂಡ ಪೊಟ್ಯಾಸಿಯಂ ಮೆಲ್ಲಗೆ ಮತ್ತೆ ಒಳಗೆ ಬರುತ್ತೆ. ಅಂದರೆ ಆ ಕಣ ಸತ್ತಿರಲಿಲ್ಲ. ಅದರ ಮೋಟಾರ್ ಆರಿತ್ತು, ಅಷ್ಟೇ.

ಹೊಸಚಿಗುರು:
ಓದುತ್ತಾ ಮೈ ಜುಮ್ ಅಂತು. ಹಾಗಾದರೆ “ನಿಷ್ಕ್ರಿಯ ಸಾಗಣೆಗೆ ಶಕ್ತಿ ಬೇಡ” ಅನ್ನೋದು ಅರ್ಧ ಮಾತು ಮಾತ್ರಾನಾ?

ನಾಲ್ಕು ಡಿಗ್ರಿ:
ದಾಟುವ ಆ ಕ್ಷಣಕ್ಕೆ ಅದು ಪೂರ್ತಿ ನಿಜ. ದಾಟುವುದಕ್ಕೆ ಕಾರಣವಾದ ಏರುಪೇರನ್ನು ಯಾರು ಉಳಿಸಿಕೊಂಡರು ಅಂತ ಕೇಳಿದರೆ ಅರ್ಧ.

ಕೆಂಪು ಕಣಕ್ಕೆ ಗ್ಲೂಕೋಸ್ ಬರುವುದನ್ನೇ ನೋಡಿ. ಗ್ಲೂಟ್-1 ಅನ್ನುವ ಪ್ರೋಟೀನ್ ಅದನ್ನು ದಾಟಿಸುತ್ತೆ. ಎಟಿಪಿ ಖರ್ಚಿಲ್ಲ. ಹೊರಗೆ ಜಾಸ್ತಿ, ಒಳಗೆ ಕಡಿಮೆ, ಹಾಗಾಗಿ ಒಳಕ್ಕೆ ಬರುತ್ತೆ. ಒಳಗೆ ಯಾವಾಗಲೂ ಕಡಿಮೆ ಇರುವುದು ಹೇಗೆ? ಬಂದ ಗ್ಲೂಕೋಸ್‌ಗೆ ಕಣ ಫಾಸ್ಫೇಟ್ ಅಂಟಿಸಿಬಿಡುತ್ತೆ. ಆಮೇಲೆ ಅದು ಗ್ಲೂಟ್-1ರಿಂದ ವಾಪಸ್ ಹೋಗಲಾರದು, ಗ್ಲೂಕೋಸ್ ಲೆಕ್ಕಕ್ಕೂ ಬರೋದಿಲ್ಲ. ಆ ಅಂಟಿಸುವ ಕೆಲಸಕ್ಕೆ ಎಟಿಪಿ ಬೇಕು. ಪುಸ್ತಕದಲ್ಲಿ ಸಾಗಣೆ ಒಂದು ಅಧ್ಯಾಯ, ಇದು ಇನ್ನೊಂದು ಅಧ್ಯಾಯ. ಕೋಶದೊಳಗೆ ಎರಡೂ ಒಂದೇ ಕಡೆ ನಡೆಯುತ್ತಿವೆ.

ಅಲೆಮಾರಿ ಅಣು:
ಪಂಪ್ ನಿಂತರೆ ಒಳಗೂ ಹೊರಗೂ ಸಮ ಆಗಿ ಕೋಶ ಸುಮ್ನೆ ಇದ್ದುಬಿಡುತ್ತಾ?

ಎರಡು ಪದರ:
ಇಲ್ಲ, ಊದಿಕೊಳ್ಳುತ್ತೆ. ಕೋಶದೊಳಗೆ ಪ್ರೋಟೀನ್, ಆರ್‌ಎನ್‌ಎ ಥರದ ದೊಡ್ಡ ಅಣುಗಳು ತುಂಬಿವೆ. ಹೆಚ್ಚಿನವಕ್ಕೆ ಋಣ ಆವೇಶ ಇದೆ, ಹೊರಗೆ ಹೋಗಲಾರವು. ಪಂಪ್ ನಿಂತರೆ ಸೋಡಿಯಂ, ಅದರ ಜೊತೆ ಕ್ಲೋರೈಡ್ ಒಳಗೆ ಬರುತ್ತವೆ. ಒಳಗೆ ಕರಗಿರುವ ಕಣಗಳ ಲೆಕ್ಕ ಏರುತ್ತೆ. ಹಿಂದೆಯೇ ನೀರು ಬರುತ್ತೆ. ಪ್ರಾಣಿಕೋಶಕ್ಕೆ ಗಟ್ಟಿ ಗೋಡೆ ಇಲ್ಲ, ಹಾಗಾಗಿ ಊದುತ್ತಾ ಹೋಗುತ್ತೆ. ಮಿದುಳಿಗೆ ಹೋಗುವ ರಕ್ತ ನಿಂತಾಗ ಅಲ್ಲಿನ ಕೋಶಗಳು ಬಾಯುವುದಕ್ಕೆ ಇದು ಮುಖ್ಯ ಕಾರಣ. ಆಮ್ಲಜನಕ ಇಲ್ಲ, ಎಟಿಪಿ ಇಲ್ಲ, ಪಂಪ್ ಇಲ್ಲ, ನೀರು ಒಳಗೆ. ನಿಮಿಷಗಳ ಲೆಕ್ಕದಲ್ಲಿ ಇದೆಲ್ಲ ಶುರುವಾಗುತ್ತೆ.

ಈ ಪಂಪನ್ನು 1957ರಲ್ಲಿ ಡೆನ್ಮಾರ್ಕ್‌ನ ಯೆನ್ಸ್ ಸ್ಕೋ ಏಡಿಯ ಕಾಲಿನ ನರಗಳಲ್ಲಿ ಗುರುತಿಸಿದರು. ನೊಬೆಲ್ ಬಂದದ್ದು 1997ರಲ್ಲಿ, ನಲವತ್ತು ವರ್ಷ ಆದಮೇಲೆ.

ರಾತ್ರಿಪಾಳಿ:
ನೀರಿನ ಮಾತು ಬಂದದ್ದಕ್ಕೆ ನಾನೂ ಬರೆಯುತ್ತೇನೆ. ನಾನು ನರ್ಸ್. ಹೊಸಬರಿಗೆ ಕಲಿಸುವಾಗ ಜಾಸ್ತಿ ಒತ್ತಿ ಹೇಳುವ ವಿಷಯ ಇದು.

ರಕ್ತನಾಳಕ್ಕೆ ಬರೀ ಶುದ್ಧ ನೀರು ಬಿಡಲೇಬಾರದು. ಕೆಂಪು ಕಣಗಳು ನೀರು ಕುಡಿದು ಒಡೆಯುತ್ತವೆ. 0.9 ಶೇಕಡಾ ಸಲೈನ್, ಅಂದರೆ ಲೀಟರಿಗೆ 9 ಗ್ರಾಂ ಉಪ್ಪು, ಕೊಟ್ಟರೆ ಕಣಗಳು ಊದುವುದೂ ಇಲ್ಲ, ಮುದುಡುವುದೂ ಇಲ್ಲ. ಇಷ್ಟು ಎಲ್ಲರಿಗೂ ಗೊತ್ತು.

5 ಶೇಕಡಾ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ನೀರು, ಬೇರೆ ಕಥೆ. ಬಾಟಲಿಯಲ್ಲಿ ಇರುವಾಗ ಅದರಲ್ಲಿ ಕರಗಿರುವ ಕಣಗಳ ಲೆಕ್ಕ ರಕ್ತದ ಹತ್ತಿರವೇ ಇದೆ. ಹಾಗಾಗಿ ನಾಳಕ್ಕೆ ಹೋದ ಕೂಡಲೇ ಕೆಂಪು ಕಣ ಒಡೆಯುವುದಿಲ್ಲ. ಆದರೆ ದೇಹ ಆ ಗ್ಲೂಕೋಸ್ ಅನ್ನು ಒಳಗೆ ಎಳೆದುಕೊಂಡು ಬಳಸಿಬಿಡುತ್ತೆ. ಉಳಿಯುವುದು ನೀರು ಮಾತ್ರ. ಗಂಟೆಗಟ್ಟಲೆ ಅದನ್ನೇ ಕೊಟ್ಟರೆ ರಕ್ತದ ಸೋಡಿಯಂ ಇಳಿಯಬಹುದು, ಮಿದುಳು ಬಾಯಬಹುದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಗುವಿಗೆ ಹೀಗೆ ಆಗೋಕೆ ಬಂದಿತ್ತು. ಮಗು ಮಂಕಾಗಿದ್ದು ಕಂಡು ಹಿರಿಯ ಸಿಸ್ಟರ್ ಒಬ್ಬರು ಸೋಡಿಯಂ ಪರೀಕ್ಷೆ ಮಾಡಿಸಿದರು. ಮಗು ಉಳಿಯಿತು. ಅವತ್ತಿನಿಂದ ನಾನು ಬಾಟಲಿ ಮೇಲಿನ ಸಂಖ್ಯೆ ಓದುವುದರ ಜೊತೆ “ಒಳಗೆ ಹೋದಮೇಲೆ ಇದರಲ್ಲಿ ಏನು ಉಳಿಯುತ್ತೆ?” ಅಂತ ಕೇಳಿಕೊಳ್ಳುತ್ತೇನೆ.

ಗಾಜುಪಟ್ಟಿ:
ರಾತ್ರಿಪಾಳಿ ಮೇಡಂ, ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ಪ್ರಯೋಗನಳಿಕೆಯಲ್ಲಿ ಇದರ ಜೋಡಿ ಒಂದಿದೆ. ಕೆಂಪು ಕಣಗಳನ್ನು 0.9 ಶೇಕಡಾ ಉಪ್ಪುನೀರಲ್ಲಿ ಕಲಕಿದರೆ ದ್ರವ ಮಬ್ಬಾಗಿರುತ್ತೆ. ನಳಿಕೆಯ ಹಿಂದೆ ಅಚ್ಚಿನ ಹಾಳೆ ಹಿಡಿದರೆ ಅಕ್ಷರ ಕಾಣುವುದಿಲ್ಲ. ಆ ಉಪ್ಪುನೀರಿನಲ್ಲಿ ಕರಗಿರುವಷ್ಟೇ ಕಣಗಳ ಲೆಕ್ಕ ಬರುವ ಹಾಗೆ ಯೂರಿಯಾ ದ್ರಾವಣ ಮಾಡಿ, ಲೀಟರಿಗೆ ಸುಮಾರು 18 ಗ್ರಾಂ. ಅದರಲ್ಲಿ ರಕ್ತ ಕಲಕಿ. ನೋಡುತ್ತಿದ್ದ ಹಾಗೇ ಮಬ್ಬು ಹೋಗಿ ತಿಳಿಗೆಂಪು ಆಗುತ್ತೆ. ಹಿಂದಿನ ಅಕ್ಷರ ಓದಬಹುದು. ಕೆಂಪು ಕಣಗಳೆಲ್ಲ ಒಡೆದಿವೆ.

ಎರಡು ದ್ರಾವಣಕ್ಕೂ ಲೆಕ್ಕ ಒಂದೇ. ಆದರೆ ಯೂರಿಯಾ ಪೊರೆ ದಾಟುತ್ತೆ. ಕೆಂಪು ಕಣದಲ್ಲಿ ಅದಕ್ಕೆ ಬೇರೆಯೇ ಬಾಗಿಲಿದೆ. ಒಳಗೆ ಹೋಗುವಾಗ ನೀರನ್ನೂ ಕರೆದುಕೊಂಡು ಹೋಗುತ್ತೆ. ಸೋಡಿಯಂ ಹೊರಗೇ ಉಳಿದು ನೀರನ್ನು ಹೊರಗೇ ಹಿಡಿದಿಡುತ್ತೆ. ನೀರು ಎತ್ತ ಹೋಗುತ್ತೆ ಅಂತ ತೀರ್ಮಾನಿಸೋದು ಪೊರೆ ದಾಟಲಾರದ, ಕರಗಿರುವ ಕಣಗಳು. ರಕ್ತ ಬಳಸುವ ಪ್ರಯೋಗ ಇದು. ಕೈಗವಸು ಹಾಕಿಕೊಂಡು, ಕಲಿಸುವವರು ಎದುರಿಗಿರುವಾಗ ಮಾತ್ರ ಮಾಡಬೇಕು.

ಅಲೆಮಾರಿ ಅಣು:
ಮತ್ತೆ ಒಂದು ಸಂಶಯ. ಪೊರೆ ನಡುವೆ ಎಣ್ಣೆ ಅಂದಿರಿ. ನೀರು ಹೇಗೆ ಇಷ್ಟು ಬೇಗ ದಾಟುತ್ತೆ?

ಎರಡು ಪದರ:
ಈ ಸಂಶಯ ವಿಜ್ಞಾನಿಗಳನ್ನೂ ಬಹಳ ಕಾಲ ಕಾಡಿತ್ತು. ಎಣ್ಣೆ ಮೂಲಕವೂ ನೀರು ಸ್ವಲ್ಪ ದಾಟುತ್ತೆ. ಆದರೆ ಕೆಂಪು ಕಣ, ಮೂತ್ರಪಿಂಡದ ಕೆಲವು ಕೋಶಗಳ ವೇಗಕ್ಕೆ ಅದು ಸಾಲದು. ಪೀಟರ್ ಆಗ್ರೆ ಎಂಬ ವಿಜ್ಞಾನಿಯ ತಂಡ ಕೆಂಪು ಕಣಗಳ ಆರ್‌ಎಚ್ (ರಕ್ತದ ಗುಂಪಿಗೆ ಸಂಬಂಧಿಸಿದ) ಪ್ರೋಟೀನ್ ಹುಡುಕುತ್ತಿತ್ತು. ಜೊತೆಗೆ ಬೇರೊಂದು ಪ್ರೋಟೀನ್ ಪದೇ ಪದೇ ಬರುತ್ತಿತ್ತು. ಅದನ್ನು ಕಸ ಅಂತ ಬಿಸಾಡದೆ ಹಿಡಿದುಕೊಂಡರು. 1992ರಲ್ಲಿ ಕಪ್ಪೆಯ ಮೊಟ್ಟೆಕೋಶಗಳಲ್ಲಿ ಆ ಪ್ರೋಟೀನ್ ತಯಾರಾಗುವ ಹಾಗೆ ಮಾಡಿ ಸಪ್ಪೆ ದ್ರಾವಣಕ್ಕೆ ಹಾಕಿದರು. ಅವು ಊದಿ ಒಡೆದವು. ಪಕ್ಕದ ಸಾಮಾನ್ಯ ಮೊಟ್ಟೆಕೋಶಗಳಿಗೆ ಏನೂ ಆಗಲಿಲ್ಲ. ಅದೇ ಅಕ್ವಾಪೋರಿನ್, ನೀರಿನ ಬಾಗಿಲು. ಒಂದು ಬಾಗಿಲಲ್ಲಿ ಸೆಕೆಂಡಿಗೆ ನೂರಾರು ಕೋಟಿ ನೀರಿನ ಅಣುಗಳು ಸಾಲಾಗಿ ಹೋಗುತ್ತವೆ.

2003ರ ರಸಾಯನಶಾಸ್ತ್ರದ ನೊಬೆಲ್ ಅನ್ನು ಆಗ್ರೆ ಮತ್ತು ರಾಡ್ರಿಕ್ ಮ್ಯಾಕಿನನ್ ಹಂಚಿಕೊಂಡರು. ಮ್ಯಾಕಿನನ್ ಬಿಡಿಸಿದ್ದು ಪೊಟ್ಯಾಸಿಯಂ ಬಾಗಿಲಿನ ಗುಟ್ಟು. ಪೊಟ್ಯಾಸಿಯಂಗಿಂತ ಸೋಡಿಯಂ ಚಿಕ್ಕದು. ಆದರೂ ಆ ಬಾಗಿಲಲ್ಲಿ ಪೊಟ್ಯಾಸಿಯಂ ಸರಾಗವಾಗಿ ಹೋಗುತ್ತೆ, ಸೋಡಿಯಂ ಹೋಗುವುದು ತೀರಾ ಅಪರೂಪ. ಬಾಗಿಲಿನ ಸಣ್ಣ ಜಾಗದಲ್ಲಿ ಆಮ್ಲಜನಕದ ಪರಮಾಣುಗಳು ಸಾಲಾಗಿ ನಿಂತಿವೆ. ಮೈಮೇಲಿನ ನೀರನ್ನು ಕಳಚಿದ ಪೊಟ್ಯಾಸಿಯಂಗೆ ಅವು ನೀರಿನ ಹಾಗೇ ಆಸರೆ ಕೊಡುತ್ತವೆ. ಸೋಡಿಯಂ ಚಿಕ್ಕದಾದ್ದರಿಂದ ಅದಕ್ಕೆ ಅವು ಸರಿಯಾಗಿ ಎಟುಕುವುದಿಲ್ಲ. ಆಸರೆ ಸಿಗದೆ ಇದ್ದರೆ ಅದು ತನ್ನ ನೀರನ್ನು ಬಿಡುವುದೇ ಇಲ್ಲ.

ವರ್ಗಮೂಲ:
ನಾನು ಭೌತಶಾಸ್ತ್ರದವನು. ವಿಸರಣೆಯ ಬಗ್ಗೆ ಒಂದೇ ಲೆಕ್ಕ ಹೇಳಿಬಿಡುತ್ತೇನೆ. ನೀರಿನಲ್ಲಿ ಒಂದು ಚಿಕ್ಕ ಅಣು 10 ಮೈಕ್ರೋಮೀಟರ್ ದೂರ ಹರಡಲು ಸುಮಾರು 0.05 ಸೆಕೆಂಡ್ ಸಾಕು. 1 ಮಿಲಿಮೀಟರ್‌ಗೆ ಸುಮಾರು 8 ನಿಮಿಷ. 1 ಸೆಂಟಿಮೀಟರ್‌ಗೆ ಸುಮಾರು 14 ಗಂಟೆ. ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತೆ. ಕೋಶಗಳು ಇಷ್ಟು ಚಿಕ್ಕದಾಗಿರಲು, ದೊಡ್ಡ ಪ್ರಾಣಿಗಳಿಗೆ ರಕ್ತ ಓಡಾಡಲೇಬೇಕಾಗಿರಲು ಇದು ದೊಡ್ಡ ಕಾರಣ.

ರಾತ್ರಿಪಾಳಿ:
ಇನ್ನೊಂದು ಹೇಳಲೇಬೇಕು. ಕಾಲರಾದಲ್ಲಿ ಕರುಳಿನ ಕೋಶಗಳು ಕ್ಲೋರೈಡ್ ಹೊರಗೆ ಸುರಿಯುತ್ತವೆ. ಹಿಂದೆ ಸೋಡಿಯಂ, ನೀರು ಎಲ್ಲ ಹೋಗುತ್ತೆ. ಬರೀ ನೀರು ಕುಡಿಸಿದರೆ ನಿಲ್ಲುವುದಿಲ್ಲ. ಆದರೆ ಅದೇ ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಎರಡನ್ನೂ ಒಟ್ಟಿಗೆ ಹಿಡಿದು ಒಳಗೆ ತರುವ ಪ್ರೋಟೀನ್ ಒಂದಿದೆ. ಕಾಲರಾ ವಿಷ ಅದನ್ನು ಮುಟ್ಟುವುದಿಲ್ಲ. ಹೀಗೆ ಜೊತೆಜೊತೆಗೆ ಸಾಗುತ್ತವೆ ಅಂತ 1960ರಲ್ಲಿ ರಾಬರ್ಟ್ ಕ್ರೇನ್ ಹೇಳಿದರು. ಓಆರ್‌ಎಸ್, ಅಂದರೆ ಭೇದಿಯಾದಾಗ ಕುಡಿಸುವ ಉಪ್ಪು-ಗ್ಲೂಕೋಸ್ ದ್ರಾವಣ, ನಿಂತಿರುವುದು ಇದರ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಅಳತೆಯಲ್ಲಿ ಲೀಟರಿಗೆ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್. ಸರಿಸಮ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ ಅಂತ ನಾವು ಬೇಡಿಕೊಳ್ಳುವುದು ಇದಕ್ಕೇ. ಕಡಿಮೆ ನೀರಲ್ಲಿ ಗಟ್ಟಿಯಾಗಿ ಕಲಸಿದರೆ ಕರುಳು ಇನ್ನೂ ನೀರು ಕಳೆದುಕೊಳ್ಳಬಹುದು.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಇಂಥ ದ್ರಾವಣವನ್ನು ಡ್ರಮ್ಮುಗಳಲ್ಲಿ ಇಟ್ಟು, ಜೊತೆಗಿದ್ದ ಬಂಧುಗಳ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ಅವರ ಕಡೆ ಸಾವು 30 ಶೇಕಡಾದಿಂದ 3.6ಕ್ಕೆ ಇಳಿಯಿತು.

ಹೊಸಚಿಗುರು:
ಆ ಪ್ರೋಟೀನ್ ಎಟಿಪಿ ಬಳಸುತ್ತಾ?

ಗಾಜುಪಟ್ಟಿ:
ನೇರವಾಗಿ ಇಲ್ಲ. ಸೋಡಿಯಂ ಇಳಿಜಾರಿನಲ್ಲಿ ಒಳಗೆ ಬೀಳುವಾಗ ಗ್ಲೂಕೋಸ್ ಅನ್ನು ಏರಿನಲ್ಲಿ ಎಳೆದು ತರುತ್ತೆ. ಆ ಇಳಿಜಾರು ಮಾಡಿದ್ದು ಅದೇ ಕೋಶದ ಇನ್ನೊಂದು ಬದಿಯಲ್ಲಿರುವ ಸೋಡಿಯಂ ಪಂಪ್. ಎರಡನೇ ದರ್ಜೆಯ ಸಕ್ರಿಯ ಸಾಗಣೆ ಅಂತ ಹೆಸರು. ಈಗ ನಿಮ್ಮ ಎರಡು ಪಟ್ಟಿಗಳನ್ನು ಮತ್ತೆ ತೆಗೆದು ನೋಡಿ.

ಹೊಸಚಿಗುರು:
(ಮೂರು ದಿನ ಆದಮೇಲೆ)
ಈರುಳ್ಳಿ ಪ್ರಯೋಗ ಮಾಡಿದೆ. ಮೊದಲ ಎರಡು ಸಿಪ್ಪೆ ದಪ್ಪ ಬಂತು, ಏನೂ ಕಾಣಲಿಲ್ಲ. ಮೂರನೆಯದು ಸರಿ ಬಂತು. ಉಪ್ಪುನೀರು ಹೋದ ಕಡೆಯಿಂದ ಸಾಲಾಗಿ ಮುದುಡುತ್ತಾ ಬಂದವು. ಒಂದು ಕೋಶದಲ್ಲಿ ಬಣ್ಣ ಎರಡು ಉಂಡೆ ಆಯಿತು. ನೀರು ಬಿಟ್ಟಾಗ ಮುಕ್ಕಾಲು ಪಾಲು ಕೋಶಗಳು ಮತ್ತೆ ತುಂಬಿಕೊಂಡವು. ಕೆಲವು ತುಂಬಿಕೊಳ್ಳಲಿಲ್ಲ.

ಕುದಿಸಿದ ಸಿಪ್ಪೆಯ ಬಣ್ಣ ನೀರಿಗೇ ಬಿಟ್ಟುಹೋಗಿತ್ತು. ಗೋಡೆಗಳು ಹಾಗೇ ಇದ್ದವು, ಒಳಗೆ ಮಾತ್ರ ತೆಳು ಬೂದು. ಉಪ್ಪುನೀರು ಬಿಟ್ಟು ಹತ್ತು ನಿಮಿಷ ಕಾದೆ. ಏನೂ ಕದಲಲಿಲ್ಲ. ಉಪ್ಪು ಒಳಗೂ ಹೊರಗೂ ಒಂದೇ ಆಗಿದ್ದರೆ ನೀರಿಗೆ ಎತ್ತಲೂ ಹೋಗುವ ಕಾರಣ ಇಲ್ಲ, ಸರೀನಾ?

ಗಾಜುಪಟ್ಟಿ:
ಸರಿ. ತುಂಬಿಕೊಳ್ಳದ ಆ ಕೆಲವು ಕೋಶಗಳು ಸಿಪ್ಪೆ ಎಳೆದ ಅಂಚಿನಲ್ಲಿದ್ದವಾ, ನಡುವೆ ಇದ್ದವಾ?

ಹೊಸಚಿಗುರು:
ಹೆಚ್ಚಿನವು ಅಂಚಿನಲ್ಲೇ. ನಡುವೆ ಎರಡೋ ಮೂರೋ ಇದ್ದವು. ಉಪ್ಪು ಕಡಿಮೆ ಮಾಡಿ, ನೀರನ್ನು ಇನ್ನೂ ನಿಧಾನವಾಗಿ ಬಿಟ್ಟು ನಾಳೆ ಮತ್ತೆ ಮಾಡುತ್ತೇನೆ.